ಸುಳ್ಳು ಹೇಳಿ ವೀಗನ್ ಆದೆ

ಗೋಣಿಬೀಡಿನ ಹತ್ತಿರ ನಮ್ಮದೊಂದು ಪುಟ್ಟ ಕಾಫಿ ತೋಟ, ಅದರೊಳಗೆ ಎರಡು ಕೋಣೆಯ ಹೋಂಸ್ಟೇ. ಅತಿಥಿ ಸತ್ಕಾರದಲ್ಲಿ ನನ್ನನ್ನು ಮೀರಿಸುವವರು ಮೂಡಿಗೆರೆ ತಾಲ್ಲೂಕಿನಲ್ಲೇ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಹಾಗಾಗಿ ಹಾನಾ ಎಂಬ ಜರ್ಮನ್ ಹುಡುಗಿ ಫೋನ್ ಮಾಡಿ, ತೋಟದ ನೆರಳು ಮರಗಳ ಅಧ್ಯಯನಕ್ಕೆ ಆರು ತಿಂಗಳು ಇರಬೇಕು, ಆದರೆ ತಾನು ವೀಗನ್ ಎಂದಾಗ ನಾನು ಒಂದು ಕ್ಷಣವೂ ತಡಮಾಡಲಿಲ್ಲ.

“ನಮ್ಮನೇಲಿ ಎಲ್ಲರೂ ವೀಗನ್ನೇ, ಬನ್ನಿ!” ಎಂದೆ.

ವೆಜ್ ಎಂಬುದನ್ನು ಜರ್ಮನ್ನರು ಹಾಗೆ ಎಳೆದು ಹೇಳುತ್ತಾರೆ ಎಂದುಕೊಂಡಿದ್ದೆ. ನಾವು ವೆಜ್ ಕೂಡ ಅಲ್ಲ ಎಂಬುದು ಬೇರೆ ವಿಷಯ.

ಹಾನಾ ಬಂದಳು. ಮೈಸೂರಿನಲ್ಲಿ ಒಂದು ವರ್ಷ ಇದ್ದು ಕನ್ನಡ ಕಲಿತಿದ್ದಳು. ಮರುದಿನ ಬೆಳಿಗ್ಗೆ ತುಪ್ಪದ ದೋಸೆ ಮುಂದಿಟ್ಟಾಗ ವಿನಯದಿಂದ ವಿವರಿಸಿದಳು: ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ಮೊಸರು, ತುಪ್ಪ, ಜೇನು ಯಾವುದೂ ತಿನ್ನುವುದಿಲ್ಲ. ದೇಶ ಬಿಟ್ಟು ಬಂದರೂ ನಿಯಮ ಬಿಟ್ಟಿಲ್ಲ.

ಆಗಲೇ ತಪ್ಪೊಪ್ಪಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. “ಗೊತ್ತು, ಗೊತ್ತು! ನಮ್ಮವಳು ಮರೆತು ತುಪ್ಪ ಹಾಕಿದ್ದಾಳೆ” ಎಂದೆ. ನನ್ನ ಹೆಂಡತಿ ಸುಮಿತ್ರಾ ಕಣ್ಣಲ್ಲೇ ನನ್ನನ್ನು ಹುರಿದಳು.

ಅಡುಗೆಮನೆಯಲ್ಲಿ ವಿಚಾರಣೆ ನಡೆಯಿತು.

“ಎಂತದ್ರೀ ಇದು? ಮೊನ್ನೆ ಕೋಳಿ ಸಾರಿಗೆ ಕಡುಬು ಸಾಲ್ಲಿಲ್ಲ ಅಂತ ಗಲಾಟೆ ಮಾಡಿದ್ದು ಯಾರು?”

“ಮೆಲ್ಲಗೆ ಮಾರಾಯ್ತಿ! ಆರು ತಿಂಗಳ ಅತಿಥಿ. ಬೇರೆ ಕಡೆ ಹೋದ್ರೆ ನನ್ನ ಮರ್ಯಾದೆ ಎಂತಾಗ್ಬೇಕು? ಇವತ್ತಿಂದ ನಮಗೂ ಹಾಲಿಲ್ಲ, ಮೊಸರಿಲ್ಲ.”

ಅದೇ ಹೊತ್ತಿಗೆ ಕೊಟ್ಟಿಗೆಯಿಂದ ನಮ್ಮ ಹಸು ‘ಅಂಬಾ’ ಎಂದಿತು!

“ಹಸು ಯಾಕೆ ಸಾಕಿದ್ದೀರಿ?” ಹಾನಾ ಹೊರಗಿನಿಂದ ಕೇಳಿದಳು.

“ಗೊಬ್ಬರಕ್ಕೆ!” ಎಂದು ಕೂಗಿದೆ. “ಹಾಲೆಲ್ಲ ಕರುವಿಗೇ!”

ಹಾನಾಳ ಕಣ್ಣು ತುಂಬಿ ಬಂತು. ಇಂಥ ಕುಟುಂಬವನ್ನು ತನ್ನ ದೇಶದಲ್ಲೂ ನೋಡಿಲ್ಲವಂತೆ!

ಅಲ್ಲಿಂದ ನನ್ನ ವನವಾಸ ಶುರು. ಕಾಫಿಗೆ ತೆಂಗಿನಹಾಲು ಹಾಕಿ ನೋಡಿದೆ. ಅದು ಒಡೆದು, ಮೇಲೆ ಎಣ್ಣೆ ತೇಲಿತು. ಕುಡಿಯುವುದಕ್ಕಿಂತ ತಲೆಗೆ ಹಚ್ಚಿಕೊಳ್ಳುವುದು ಮೇಲು. ಮೊಸರಿಲ್ಲದ ಊಟ ಮುಗಿದಂತೆಯೇ ಅನಿಸುತ್ತಿರಲಿಲ್ಲ. ಒಂದು ದಿನ ಬೇಲಿಯಾಚೆ ಮೇಯುತ್ತಿದ್ದ ಪಕ್ಕದ ಮನೆಯ ಹುಂಜವನ್ನು ಎಷ್ಟು ಹೊತ್ತು ನೋಡುತ್ತಾ ನಿಂತಿದ್ದೆನೋ, ಅದೇ ನಾಚಿಕೊಂಡು ಹೋಯಿತು.

ನಲವತ್ತನೆಯ ದಿನ ಕಟ್ಟೆ ಒಡೆಯಿತು. ಪಂಪ್‌ಸೆಟ್ಟಿಗೆ ವಾಷರ್ ತರಬೇಕೆಂದು ಹೇಳಿ ಬೈಕೇರಿ ಕೊಟ್ಟಿಗೆಹಾರಕ್ಕೆ ಹೋದೆ. ಹೋಟೆಲಿನ ಮೂಲೆಯ ಮೇಜು ಹಿಡಿದು ಕಡುಬು, ಕೋಳಿ ಸಾರು ತರಿಸಿದೆ. ಮೊದಲ ತುತ್ತಿಗೇ ಕಣ್ಣೀರು ಬಂತು. ಖಾರಕ್ಕಲ್ಲ, ಭಕ್ತಿಗೆ!

ಎರಡನೆಯ ತಟ್ಟೆ ಅರ್ಧವಾಗಿತ್ತು. ಬಸ್ಸಿಳಿದು ಒಳಗೆ ಬಂದವರು ಯಾರು? ಹಾನಾ, ಜೊತೆಗೆ ನಮ್ಮ ತೋಟದ ಕೆಲಸದ ಗಿರಿಜಾ! ಇಬ್ಬರೂ ಮರ ನೋಡಲು ಘಾಟಿಯ ಕಡೆ ಹೋಗಿದ್ದರಂತೆ.

“ಅಣ್ಣ, ಎಂತ ತಿಂತಾ ಇದ್ದೀರಿ?” ಎಂದಳು ಹಾನಾ.

ಬಾಯಿ ತುಂಬಿತ್ತು. “ಹಲಸು... ಎಳೆ ಹಲಸಿನ ಸಾರು” ಎಂದೆ.

ತಟ್ಟೆಯಂಚಿನಲ್ಲಿ ನಾನು ಪೇರಿಸಿದ್ದ ರಾಶಿಯನ್ನು ಅವಳು ನಿಧಾನವಾಗಿ ನೋಡಿದಳು.

“ಹಲಸಿಗೆ ಮೂಳೆ ಇರುತ್ತಾ, ಅಣ್ಣ?”

ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಶುಭಗಳಿಗೆಯಲ್ಲೇ ಸಪ್ಲೈಯರ್ ಬಂದು, “ಗೌಡ್ರೆ, ಇನ್ನೊಂದು ಲೆಗ್ ಪೀಸ್ ಹಾಕ್ಲಾ?” ಎಂದ.

ಮನೆಗೆ ಬಂದು, ಸುಮಿತ್ರಾಳ ಎದುರಿಗೇ ಹಾನಾಳ ಕ್ಷಮೆ ಕೇಳಿದೆ. “ಸುಳ್ಳು ಹೇಳಿದೆ. ನೀವು ಬೇರೆ ಮನೆ ನೋಡಿಕೊಂಡರೂ ನನ್ನ ಆಕ್ಷೇಪಣೆ ಇಲ್ಲ.”

ಹಾನಾ ಜೋರಾಗಿ ನಕ್ಕಳು. “ಅಕ್ಕ ಮೂರನೇ ದಿನವೇ ಎಲ್ಲ ಹೇಳಿದ್ರು. ನಿಮ್ಮ ಹತ್ರ ಹೇಳ್ಬೇಡ ಅಂದ್ರು. ನನ್ನ ತಟ್ಟೆ ನಂದು, ನಿಮ್ಮ ತಟ್ಟೆ ನಿಮ್ದು ಮಾರಾಯ್ರೆ. ನಾನು ಎಲ್ಲಿಗೂ ಹೋಗಲ್ಲ.”

ನಾನು ಸುಮಿತ್ರಾಳ ಕಡೆ ತಿರುಗಿದೆ. “ಹಾಗಾದ್ರೆ ನೀನು?”

“ನಾನು ದಿನಾ ಹಾಲಿನ ಕಾಫಿ ಕುಡೀತಿದ್ದೆ. ಮೊಸರನ್ನ ಉಣ್ತಿದ್ದೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ನಿಮ್ ಹೊಟ್ಟೆ ಇಳೀತಾ ಇತ್ತಲ್ರೀ!”

ಅಂದರೆ ಅಷ್ಟು ದಿನ ನಮ್ಮ ಮನೆಯಲ್ಲಿ ಕಟ್ಟುನಿಟ್ಟಾಗಿ ನಿಯಮ ಪಾಲಿಸಿದವರು ಇಬ್ಬರೇ. ನಂಬಿಕೆಯಿಂದ ಹಾನಾ, ದಡ್ಡತನದಿಂದ ನಾನು!