ಮಾವನ ರೆಕಾರ್ಡಿಂಗ್ ಕೋಣೆ

ಶಹಾಪುರದ ನಮ್ಮ ಸೋದರಮಾವನ ಮನೆಯಲ್ಲಿ ನಾಲ್ಕು ದಿನ ಯಾರಿಗೂ ಸೀನುವ ಹಕ್ಕಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಬಿಡಿ, ನಂಬಬೇಡಿ! ಸೀನು ಬಂದವರು ಮೂಗು ಹಿಡಿದುಕೊಂಡು ಅಂಗಳ ದಾಟಿ ಓಣಿಗೆ ಹೋಗಬೇಕು. ಅಲ್ಲಿ ಸೀನಿ, ಇನ್ನೂ ಒಂದೆರಡು ಉಳಿದಿದ್ದರೆ ಅವನ್ನೂ ಮುಗಿಸಿಕೊಂಡೇ ಒಳಗೆ ಬರಬೇಕು. ಹಾಗೆ ಎರಡು ಸಲ ಓಡಿದವಳು ನಾನೇ. ಯಾದಗಿರಿಯ ಶಾಲೆಯಲ್ಲಿ ಐವತ್ತು ಮಕ್ಕಳನ್ನು ಬರೀ ಕಣ್ಣಿನಿಂದಲೇ ಸುಮ್ಮನೆ ಕೂರಿಸುವ ಟೀಚರು ನಾನು. ಮಾವನ ಮುಂದೆ ಮಾತ್ರ ನನ್ನ ಆಟ ನಡೆಯುವುದಿಲ್ಲ.

ಮಾವ ಕೆನಾಲಿನ ಗೇಟು ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತನಾದವನು. ನೀರು ಬಿಡುವುದು, ನಿಲ್ಲಿಸುವುದು, ಯಾರ ಹೊಲಕ್ಕೆ ಯಾವಾಗ ಪಾಳಿ ಎಂದು ಬರೆದಿಡುವುದು, ಇಷ್ಟೇ ಕೆಲಸ. ಆದರೆ ಅವನ ಠೀವಿ ನೋಡಿದರೆ ಕೃಷ್ಣಾ ನದಿ ಇವನನ್ನು ಕೇಳಿಕೊಂಡೇ ಹರಿಯುತ್ತದೆ ಅನ್ನಬೇಕು! ನೀರು ಬಿಟ್ಟ ದಿನಗಳಲ್ಲಿ ವಾರಗಟ್ಟಲೆ ಗೇಟಿನ ಹತ್ತಿರದ ಕೋಣೆಯಲ್ಲೇ ಠಿಕಾಣಿ. ಮನೆಗೆ ಬಂದರೂ ಬೀಗರ ಹಾಗೆ ಚಹಾ ಕುಡಿದು ಹೊರಡುತ್ತಿದ್ದ. ಮಗ ಹುಟ್ಟಿದ ಸುದ್ದಿ ಮುಟ್ಟಿದಾಗಲೂ 'ಇವತ್ತು ಕೆನಾಲಿನ ತುದಿಗಿರೋ ಟೇಲೆಂಡಿನವರ ಪಾಳಿ ಅದ, ನಾಳಿ ಬರ್ತೀನಿ' ಎಂದು ಹೇಳಿ ಕಳಿಸಿದ್ದನಂತೆ.

ನಿವೃತ್ತಿಯಾದ ಮೇಲೆ ಕಾಯಲು ಗೇಟಿಲ್ಲ. ಸುಮ್ಮನೆ ಕೂರುವ ಜೀವವೇ ಅದು? ಒಂದು ಕಂಪ್ಯೂಟರ್ ತಂದು ಪಡಸಾಲೆಯಲ್ಲಿ ಕೂರಿಸಿದ.

"ಮಾಮಾ, ಇದರಾಗ ಏನ್ ಮಾಡ್ತೀ?" ಅಂದೆ.

"ಒಂದ ಕೆನಾಲಿನ್ಯಾಗ ನೆಲ್ಲೂ ಬೆಳಿತೀವಿ, ಹತ್ತೀನೂ ಬೆಳಿತೀವಿ, ಎಮ್ಮೀನೂ ತೊಳಿತೀವಿ. ಒಂದ ಕಂಪ್ಯೂಟರಿನ್ಯಾಗ ಎಲ್ಲಾ ಕೆಲಸ ಯಾಕ ಆಗಬಾರದು?"

ಆಯಿತು! ಓಣಿಯವರ ಅರ್ಜಿ, ಲಗ್ನಪತ್ರಿಕೆ, ಹುಡುಗಿಯರ ಪರೀಕ್ಷೆಯ ಫಲಿತಾಂಶ, ಸಂಜೆಗೆ ಟಿವಿ, ಎಲ್ಲವೂ ಅದರಲ್ಲೇ. ಗೋಡೆಗೆ ಪಾಳಿಯ ಪಟ್ಟಿ ಬಿತ್ತು. ಅರ್ಧ ತಾಸಿಗೊಮ್ಮೆ ಕಂಪ್ಯೂಟರ್ ತಾನೇ ಕಿಟಾರನೆ ಕಿರುಚಿ 'ಪಾಳಿ ಮುಗಿತು, ಏಳು' ಎನ್ನುವ ಹಾಗೆ ಒಂದು ಗಂಟೆಯನ್ನೂ ಇಟ್ಟ. ಕುಳಿತವರ ಅರ್ಜಿ 'ಮಾನ್ಯರೇ' ಎಂಬಲ್ಲಿಗೇ ನಿಂತಿರಲಿ, ಎಬ್ಬಿಸಿಯೇ ಎಬ್ಬಿಸುತ್ತಿದ್ದ.

ಹೀಗಿರುವಾಗ ಅತ್ತೆಯ, ಅಂದರೆ ಮಾವನ ಹೆಂಡತಿಯ, ಕೊರಳಲ್ಲಿ ಒಂದು ಗಡ್ಡೆ ಕಾಣಿಸಿತು. ಕಲಬುರಗಿಯ ಡಾಕ್ಟರು ನೋಡಿ, ಮುಂದಿನ ಸೋಮವಾರ ಆಪರೇಷನ್ ಎಂದರು. ಜೀವಕ್ಕೇನೂ ಭಯವಿಲ್ಲ, ಆದರೆ ದನಿ ಮೊದಲಿನ ಹಾಗೆ ಇರುತ್ತದೆ ಎಂದು ಮಾತ್ರ ಹೇಳಲಾರೆ, ಅಲ್ಲಿಯ ತನಕವೂ ಗಂಟಲಿಗೆ ಬಹಳ ತ್ರಾಸು ಕೊಡಬೇಡಿ ಎಂದರು.

ಅತ್ತೆಯ ಹತ್ತಿರ ಬೀಸುವ ಪದಗಳ ರಾಶಿಯೇ ಇತ್ತು. ತವರೂರು ಹತ್ತಿಕುಣಿಯಿಂದ ಉಟ್ಟ ಸೀರೆಯ ಜತೆ ತಂದ ಪದಗಳು, ಇಲ್ಲಿಗೆ ಬಂದ ಮೇಲೆ ತಾನೇ ಕಟ್ಟಿದ ಪದಗಳು. ಒಂದನ್ನೂ ಯಾರೂ ಬರೆದುಕೊಂಡಿರಲಿಲ್ಲ. ಮಾವ ಬಸ್ಸಿಳಿದವನೇ ನನಗೆ ಫೋನು ಮಾಡಿದ.

"ಯವ್ವಾ, ದಸರಾ ಸೂಟಿ ಅದ ಅಲ್ಲಾ? ಬಾ. ಅಕಿ ಪದ ಎಲ್ಲಾ ಕಂಪ್ಯೂಟರಿನ್ಯಾಗ ತುಂಬಬೇಕು. ಎಂಟ ದಿನ ಅದ."

ಎಂಟ ದಿನ ಎಂಬುದನ್ನು ಮೂರು ಸಲ ಹೇಳಿದ. ಅದಕ್ಕೇ ನನಗೆ ಹೆದರಿಕೆಯಾಯಿತು, ಏಕೆಂದರೆ ಮಾವ ಒಂದು ಮಾತನ್ನು ಎರಡನೇ ಸಲ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಮೊದಲ ದಿನ ಮೈಕಿನ ಜಗಳ. ಭಜನಾ ಮೇಳದಿಂದ ತಂದ ಮೈಕಿನ ಪಿನ್ನು ಬೆರಳು ದಪ್ಪ, ಕಂಪ್ಯೂಟರಿನ ತೂತು ಕಡ್ಡಿ ದಪ್ಪ. ಮಾವ ಸುರಪುರಕ್ಕೆ ಹೋಗಿ ಮೈಕಿನ ಅಂಗಡಿಯವನನ್ನು ಊಟದ ತಾಟಿನಿಂದ ಎಬ್ಬಿಸಿ, ಎರಡನ್ನೂ ಜೋಡಿಸುವ ವೈರು ತಂದ. ಹಾಕಿ ನೋಡಿದರೆ ಹೆಡ್‌ಫೋನಿನಲ್ಲಿ ಗುಂಯ್ ಎಂದು ಒಂದೇ ಸಮನೆ ಸದ್ದು.

ಎರಡನೇ ದಿನ ಆ ಗುಂಯ್ ಸದ್ದಿನ ಬೇಟೆ. ಮನೆಗೆ ಅರ್ಥಿಂಗ್ ಸರಿಯಿಲ್ಲ ಎಂದು ವೈರ್‌ಮನ್ ಹೇಳಿದ್ದೇ ತಡ, ಮಾವ ಅಂಗಳದಲ್ಲಿ ಆಳುದ್ದ ಗುಂಡಿ ತೋಡಿಸಿ ತಾಮ್ರದ ಪಟ್ಟಿ ಇಳಿಸಿ, ಉಪ್ಪು, ಇದ್ದಿಲು ಸುರಿದ. ಕೋಳಿ ಕೆದರಬಾರದೆಂದು ಹಿತ್ತಲಲ್ಲಿ ಬಿದ್ದಿದ್ದ ಒಂದು ದುಂಡು ಕಲ್ಲನ್ನು ಉರುಳಿಸಿ ತಂದು ಮೇಲೆ ಮುಚ್ಚಿದ. ದಿನಕ್ಕೆರಡು ಹೊತ್ತು ಕಲ್ಲಿನ ನಡುವಿನ ತೂತಿನಿಂದ ಎರಡು ಕೊಡ ನೀರು. ಪಕ್ಕದ ಮನೆಯ ಶರಣಮ್ಮ ಗೋಡೆಯ ಮೇಲಿಂದ ಇಣುಕಿ, "ಏನ್ ಬೀಜ ಹಾಕೀರಿ ಅಣ್ಣಾರ?" ಎಂದು ಕೇಳಿದಳು. "ಕರೆಂಟ್ ಬೀಜ ಹಾಕೀನಿ, ನಿನ್ನ ಕೋಳಿ ಮುಟ್ಟಿದ್ರ ಸುಟ್ಟು ಹೋಗ್ತದ" ಎಂದ ಮಾವ. ಅಂದಿನಿಂದ ಅವಳ ಕೋಳಿಗಳು ಬುಟ್ಟಿಯಡಿಯಲ್ಲಿ ಬಂದಿ!

ಗುಂಯ್ ಹೋಯಿತು. ಆಮೇಲೆ ಕಂಪ್ಯೂಟರಿನ ಹೊಟ್ಟೆಯೊಳಗಿನ ಫ್ಯಾನಿನ ಸದ್ದು ಕೇಳಿಸತೊಡಗಿತು. ನಾನು ಹೋಗಲಿ ಬಿಡು ಅಂದೆ. ಬಿಡುತ್ತಾನೆಯೇ? ಕಂಪ್ಯೂಟರನ್ನು ಪಕ್ಕದ ಕೋಣೆಗೆ ಸಾಗಿಸಿ, ನಡುಗೋಡೆಯಲ್ಲಿ ರೊಟ್ಟಿಯಗಲದ ತೂತು ಕೊರೆಸಿ ವೈರು ಎಳೆದ. ತೂತಿನ ಆಚೆ ಹಾಡುವವರು, ಈಚೆ ಹೆಡ್‌ಫೋನು ಹಾಕಿಕೊಂಡು ನಾನು. ಹಾಡುವ ಕೋಣೆಯ ನಾಲ್ಕೂ ಗೋಡೆಗೆ ಓಣಿಯವರು ಹೊದೆಯುವ ಕೌದಿಗಳೆಲ್ಲ ಏರಿದವು. ಫ್ಯಾನು ಬಂದ್, ಕುಕ್ಕರ್ ಬಂದ್, ಕೆಮ್ಮು ಬಂದ್, ಸೀನು ಬಂದ್. ಅತ್ತೆ ಮಾತ್ರ ನನ್ನ ಕಿವಿಯಲ್ಲಿ, "ಯವ್ವಾ, ಆಪರೇಷನ್ ಮಾಡೋ ಕೋಣಿನೂ ಹಿಂಗ ಇರ್ತದೇನ?" ಎಂದಳು. ನಗಲೆಂದು ಹೇಳಿದಳೋ, ಹೆದರಿ ಹೇಳಿದಳೋ, ನನಗೆ ಗೊತ್ತಾಗಲಿಲ್ಲ.

ಹಾಡು ಶುರುವಾಗುವಾಗ ಶುಕ್ರವಾರ ಬಂದಿತ್ತು. ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ, ಬಾಯಿಗೆ ಮೈಕು ಕಟ್ಟಿ, ಮಾವ ಕೈ ಎತ್ತಿದ. ಅತ್ತೆ ಬಾಯಿ ತೆರೆದಳು. ಮುಚ್ಚಿದಳು.

"ಏನೂ ನೆನಪಾಗವಲ್ದರಿ."

"ನೆನಪಾಗವಲ್ದು ಅಂದ್ರ? ಮೂವತ್ತ ವರ್ಷ ಹಾಡೀದಿ!"

"ಹಾಡೀನಿ ಖರೇ. ಈಗ ಬರವಲ್ದು, ಏನ್ ಮಾಡ್ಲಿ?"

ನೀರು ಕುಡಿಸಿದೆವು. ಬೆಲ್ಲ ತಿನ್ನಿಸಿದೆವು. ಕಡೆಗೆ ಹೇಗೋ ಒಂದು ಪದದ ತುದಿ ಸಿಕ್ಕಿತು:

ಹತ್ತಿಕುಣಿ ದಾರ್ಯಾಗ ಎತ್ತಿನ ಗಂಟಿ ಸಪ್ಪಳ
ಅತ್ತಿ, ಬಾಗಿಲ ತೆರಿಯವ್ವ, ನನ್ನಣ್ಣ...

ಅಷ್ಟರಲ್ಲಿ ಕಂಪ್ಯೂಟರ್ ಕಿಟಾರನೆ ಕಿರುಚಿತು! ಪಾಳಿ ಮುಗಿದಿತ್ತು. ಆ ಗಂಟೆಯನ್ನು ತೆಗೆಯುವುದನ್ನು ನಾವಿಬ್ಬರೂ ಮರೆತಿದ್ದೆವು. ಪದದೊಳಗಿನ ಅಣ್ಣ ಬಾಗಿಲಲ್ಲೇ ನಿಂತ, ಅತ್ತೆಗೆ ಮುಂದಿನ ಸಾಲು ಮತ್ತೆ ಬರಲೇ ಇಲ್ಲ. ಮಾವ ತಲೆಯ ಮೇಲೆ ಕೈಹೊತ್ತು ಕೌದಿಗೆ ಒರಗಿದ. ನಾನು ಗಂಟೆ ತೆಗೆದುಹಾಕಿದೆ, ಬೈಗುಳವನ್ನು ನುಂಗಿಕೊಂಡೆ.

ಶನಿವಾರವೂ ಅದೇ ಗೋಳು. ಎರಡು ಸಾಲು, ಮೌನ. ಅರ್ಧ ಸಾಲು, ಮೌನ. ಮಾವನ ಸಿಟ್ಟು ಏರಿ, ಇಳಿದು, ಕಡೆಗೆ ಅವನು ಗೋಡೆಯ ಕೌದಿಗಳನ್ನೇ ಮತ್ತೆ ಮತ್ತೆ ಸರಿಪಡಿಸುತ್ತ ನಿಂತ. ಅತ್ತೆ ಕಣ್ಣೊರೆಸಿಕೊಂಡು, "ನನ್ನ ಪದ ಆಪರೇಷನ್ನಿಗಿಂತ ಮೊದಲ ಹೋಗ್ಯಾವ್ರಿ" ಅಂದಳು. ನನಗೂ ಅಳು ಬಂತು. ಆಗಲೇ ನಾನು ಅವಳ ಕೈ ನೋಡಿದ್ದು. ತೊಡೆಯ ಮೇಲಿದ್ದ ಬಲಗೈ ಮುಷ್ಟಿ ಕಟ್ಟಿಕೊಂಡು ತನ್ನಷ್ಟಕ್ಕೆ ತಾನೇ ಸುತ್ತುತ್ತಿತ್ತು.

"ಅತ್ತಿ, ಬೀಸೂಕಲ್ಲ ಎಲ್ಲದ?"

ಅತ್ತೆ ಮಾವನ ಮುಖ ನೋಡಿದಳು. ಮಾವ ಅಂಗಳದ ಕಡೆ ನೋಡಿದ. ಕರೆಂಟಿನ ಗುಂಡಿಯ ಮೇಲೆ ಮುಚ್ಚಿದ್ದ ದುಂಡು ಕಲ್ಲು ಬೇರೆ ಯಾವುದೂ ಅಲ್ಲ, ಬೀಸುವ ಕಲ್ಲಿನ ಮೇಲಿನ ಹೋಳು! ಓಣಿಗೆ ಗಿರಣಿ ಬಂದ ಮೇಲೆ ಹಿತ್ತಲಿಗೆ ಬಿದ್ದಿತ್ತು. ಅತ್ತೆಯ ಹಾಡುಗಳ ಕೀಲಿಯನ್ನೇ ಹೊತ್ತೊಯ್ದು ಗುಂಡಿಗೆ ಮುಚ್ಚಳ ಮಾಡಿದ್ದ ಮಹಾರಾಯ! ಬೀಸುವ ಪದಕ್ಕೆ ಬೀಸುವುದು ಬೇಕು, ಕೈ ತಿರುಗಿದರೆ ಬಾಯಿ ತಿರುಗುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ. ನನಗೆ ತಾನೇ ಎಲ್ಲಿ ಹೊಳೆದಿತ್ತು?

ಭಾನುವಾರ ಮಧ್ಯಾಹ್ನ ಆ ಕಲ್ಲನ್ನೂ ಹಿತ್ತಲಲ್ಲೇ ಉಳಿದಿದ್ದ ಕೆಳಗಿನ ಹೋಳನ್ನೂ ತೊಳೆದು ಒಳಗೆ ತಂದು, ಗೂಟ ಬಡಿದದ್ದಾಯಿತು. ಹೊಸ ತೊಡಕು ನೋಡಿ: ಎದುರುಬದುರು ಇಬ್ಬರು ಕೂತು ಬೀಸಬೇಕು. ಒಬ್ಬಳೇ ಬೀಸುತ್ತ ಹಾಡಲು ಅತ್ತೆಗೆ ಉಸಿರಿಲ್ಲ. ಮಾವನ ಮಗನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಶರಣಮ್ಮ ಸುರಪುರಕ್ಕೆ ಮಗಳ ಮನೆಗೆ ಹೋಗಿದ್ದಳು. ನಾನು ಗೋಡೆಯ ಈಚೆ. ಉಳಿದವರು ಯಾರು? ಮಾವ ಬಾಗಿಲು ಹಾಕಿ, ಚಿಲಕ ಸರಿಯಾಗಿ ಬಿತ್ತೋ ಇಲ್ಲವೋ ಎಂದು ಎರಡು ಸಲ ನೋಡಿ, ಪಂಚೆ ಮೇಲೆ ಕಟ್ಟಿ ಕಲ್ಲಿನ ಮುಂದೆ ಕೂತ. ನಮ್ಮ ಕಡೆ ಗಂಡಸು ಬೀಸಲು ಕೂತದ್ದನ್ನು ಯಾರಾದರೂ ನೋಡಿದರೆ ಮೊಮ್ಮಕ್ಕಳ ಕಾಲದವರೆಗೂ ನಗುತ್ತಾರೆ.

"ಆ ಕಡಿ ಅಲ್ರೀ, ಈ ಕಡಿ ತಿರುವ್ರಿ!" ಅತ್ತೆ ನಕ್ಕಳು. ವಾರದಲ್ಲಿ ಮೊದಲ ಸಲ.

ಕಲ್ಲು ಗರಗರ ತಿರುಗಿತು. ಎರಡು ಸುತ್ತು, ಮೂರು ಸುತ್ತು. ನಾಲ್ಕನೇ ಸುತ್ತಿಗೆ ಅತ್ತೆ ಹಾಡಿದಳು, ಅಣ್ಣ ಬಾಗಿಲು ದಾಟಿ ಒಳಗೆ ಬಂದ! ಒಂದರ ಹಿಂದೆ ಒಂದು ಪದ, ತೂಬು ತೆರೆದ ಹಾಗೆ. ಕಲ್ಲಿನ ಸದ್ದಿಗೆ ನನ್ನ ಪರದೆಯ ಮೇಲಿನ ಗೆರೆಯೆಲ್ಲ ಕೆಂಪು. "ಮಾಮಾ, ಕಲ್ಲಿನ ಸಪ್ಪಳ ಭಾಳ ಬರಾಕತ್ತದ" ಎಂದು ತೂತಿನಿಂದ ಪಿಸುಗುಟ್ಟಿದೆ. ಸೀನಿಗೆ ಅಡ್ಡಿ ಮಾಡಿದ ಮಹಾನುಭಾವ, ಬರಲಿ ಎಂದು ಕಣ್ಣಿನಲ್ಲೇ ಹೇಳಿದ.

ಅಷ್ಟರಲ್ಲಿ ಕರೆಂಟು ಹೋಯಿತು. ಕಂಪ್ಯೂಟರಿನ ಬ್ಯಾಟರಿ ಹದಿನೈದು ನಿಮಿಷದ್ದು. ಅದು ಕುಂಯ್ ಕುಂಯ್ ಎನ್ನತೊಡಗಿತು. ನಡುವೆ ನಿಲ್ಲಿಸಿದರೆ ಪದ ಮತ್ತೆ ಸಿಗುತ್ತದೋ ಇಲ್ಲವೋ! ಹಾಡನ್ನು ಬಿಟ್ಟು ಬ್ಯಾಟರಿಯನ್ನೇ ನೋಡುತ್ತ ಕುಳಿತೆ. ಒಂದು ಪದದ ಕೊನೆಯಲ್ಲಿ ಕಲ್ಲು ನಿಂತಿತು. ತೂತಿನಲ್ಲಿ ನೋಡಿದರೆ ಮಾವ ಗೂಟ ಹಿಡಿದುಕೊಂಡೇ ಅತ್ತೆಯನ್ನು ನೋಡುತ್ತಿದ್ದ. ಅತ್ತೆ ತಲೆ ಬಗ್ಗಿಸಿ ಜೋಳ ಹಾಕುತ್ತಿದ್ದಳು. ಸುಸ್ತಾಗಿರಬೇಕು ಎಂದುಕೊಂಡೆ. ಮತ್ತೆ ಕಲ್ಲು ತಿರುಗಿತು. ಬ್ಯಾಟರಿ ಮುಗಿಯುವ ಹೊತ್ತಿಗೆ ಆ ಮಧ್ಯಾಹ್ನದ್ದೆಲ್ಲ ಸೇರಿ ಇಪ್ಪತ್ತೊಂದು ಪದ ಸಿಕ್ಕಿದ್ದವು.

ಆಪರೇಷನ್ ಚೆನ್ನಾಗಿಯೇ ಆಯಿತು. ಗಡ್ಡೆ ಹೋಯಿತು, ಅದರ ಜತೆ ದನಿಯೂ ಹೋಯಿತು. ಪಿಸುಮಾತು ಉಳಿಯಿತು, ಅಷ್ಟೆ.

ಎರಡು ತಿಂಗಳ ಮೇಲೆ ಒಂದು ಶನಿವಾರ ಹೋದೆ. ಕಂಪ್ಯೂಟರ್ ಪಡಸಾಲೆಗೆ ಮರಳಿತ್ತು. ಪಾಳಿಯ ಪಟ್ಟಿಯಲ್ಲಿ ಮೂರರಿಂದ ನಾಲ್ಕು 'ಮನೆಯವರು' ಎಂದಿತ್ತು. ಗಂಟೆ ಮೂರೂವರೆ. ಒಳಗಿನಿಂದ ಕಲ್ಲಿನ ಸದ್ದು, ಅದರ ಜತೆ ಒಂದು ಒಡಕು ಗಂಡುದನಿ. ರೆಕಾರ್ಡು ಕೇಳಿ ಕೇಳಿ ಮಾವ ಪದ ಕಲಿತಿದ್ದ. ಬಾಗಿಲಿಗೆ ಚಿಲಕ ಕೂಡ ಹಾಕಿರಲಿಲ್ಲ! ಅತ್ತೆಯ ಎದುರಿಗೆ ಕೂತು, ಕಣ್ಣು ಮುಚ್ಚಿ, ರಾಗ ಎತ್ತಲೋ ಹೋಗುತ್ತಿದ್ದರೂ ಹಾಡುತ್ತಿದ್ದ:

ಊರ ಹೊಲಕೆಲ್ಲ ನೀರ ಬಿಡುವ ರಾಯ
ದೂರ ನಿಂತಾನ ಮನಿ ಬಿಟ್ಟು, ನನ ಕಣ್ಣ
ನೀರ ಕಟ್ಟಾಕ ಬರಲಿಲ್ಲ

ಆ ಭಾನುವಾರ ಕಲ್ಲು ನಿಂತದ್ದು ಈ ಪದಕ್ಕೆ ಎಂದು ಆಗ ಹೊಳೆಯಿತು. ಮೂವತ್ತು ವರ್ಷ ಅತ್ತೆ ಇದನ್ನು ನಸುಕಿನಲ್ಲಿ ಹಾಡಿದ್ದಳು. ಮಾವ ಆಗೆಲ್ಲ ಗೇಟಿನ ಕೋಣೆಯಲ್ಲಿದ್ದ. ನಾನು ಹೊಸ್ತಿಲ ಹೊರಗೇ ನಿಂತೆ.

ಅತ್ತೆ ಹಿಟ್ಟಿನ ಕೈಯಿಂದ ಅವನ ಮೊಣಕೈ ತಟ್ಟಿ ಪಿಸುಗುಟ್ಟಿದಳು. "ದಿನಾ ಇದ ಒಂದ ಪದ ಯಾಕ್ರಿ? ಬ್ಯಾರೆ ಇಪ್ಪತ್ತ ಅದಾವಲ್ಲ!"

"ಇದು ಇನ್ನಾ ಸರಿ ಬರವಲ್ದು" ಎಂದ ಮಾವ. "ಜ್ವಾಳಾ ಹಾಕು."

ಅತ್ತೆ ಒಂದು ಹಿಡಿ ಜೋಳ ಹಾಕಿದಳು. ಮಾವ ಮತ್ತೆ ಮೊದಲಿನಿಂದ ಎತ್ತಿಕೊಂಡ.