ಮಾಮಾನ ಉಡದಾರದ ಕೀಲಿಕೈಗಳು

ನಮ್ಮ ಸೋದರಮಾವನ ಮನೆಗೆ ಹೋಗುವವರು ಹೊಸ್ತಿಲು ದಾಟುವ ಮೊದಲು ತಮ್ಮ ಚೀಲವನ್ನು ತಾವೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಚೀಲದಲ್ಲಿದ್ದದ್ದು ಕಳೆದೀತು ಎಂದಲ್ಲ. ಅದರಲ್ಲಿ ವಿಜಯನಗರದ ಬಂಗಾರವೇನಾದರೂ ಇದ್ದುಬಿಟ್ಟೀತು ಎಂದು! ನಾನು ಗಂಗಾವತಿಯಿಂದ ಎರಡು ಬಸ್ಸು ಬದಲಿಸಿ, ಯಲಬುರ್ಗಾ ತಾಲ್ಲೂಕಿನ ಅವನ ಹಳ್ಳಿಯಲ್ಲಿ ಬೆವರು ಒರೆಸಿಕೊಳ್ಳುತ್ತ ಇಳಿದರೆ, ಆರಾಮಿದ್ದೀಯೇನು ಎನ್ನುವುದಕ್ಕೂ ಮೊದಲು ಅವನು ಕೇಳುವುದು ಒಂದೇ ಮಾತು.

"ಇಷ್ಟು ದೊಡ್ಡ ಚೀಲ ಯಾಕ?"

ಅತ್ತೆಗೆಂದು ಒಯ್ದ ಹೊಸ ಅಕ್ಕಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳ ಮುಟ್ಟಿ, ಕೈ ಕೊಡವಿಕೊಂಡು, "ಹೂಂ, ಅಕ್ಕೀನ ಅದಾವ" ಎಂದು ತೀರ್ಪು ಕೊಡುತ್ತಾನೆ. ಅಕ್ಕಿಯ ಚೀಲದಲ್ಲಿ ಅಕ್ಕಿಯಲ್ಲದೆ ಮತ್ತೇನಿರಬೇಕಿತ್ತೋ!

ಮಾಮಾ ಸರ್ವೇ ಇಲಾಖೆಯಲ್ಲಿ ಊರೂರಿನ ಹೊಲಗಳಿಗೆ ಸರಪಳಿ ಎಳೆದು ನಿವೃತ್ತನಾದವನು. ಒಂದು ಬದುವಿಗೆ ಇಬ್ಬರು ಒಡೆಯರು, ಇಬ್ಬರೂ ಸತ್ಯವಂತರು, ಬದು ಮಾತ್ರ ಪ್ರತಿ ವರ್ಷ ಒಂದು ಮೊಳ ಸರಿದಿರುತ್ತದೆ. ಇಂಥದ್ದನ್ನೇ ಜೀವಮಾನವಿಡೀ ನೋಡಿದವನಿಗೆ ಅನುಮಾನ ಬರದೆ ಇನ್ನೇನು ಬರಬೇಕು? ನಿವೃತ್ತಿಯಾದ ಮೇಲೆ ಕೈಗೆ ದೊಡ್ಡ ಮೊಬೈಲು ಬಂತು. ಅದರಲ್ಲಿ ಜಗತ್ತಿನ ಕಳೆದುಹೋದ ಸಂಪತ್ತಿನ ಕಥೆಗಳು ಸಿಕ್ಕವು. ಅಲ್ಲಿಗೆ ಬರೀ ತಾಲ್ಲೂಕಿನ ಮಟ್ಟಿಗಿದ್ದ ಅವನ ಅನುಮಾನ ಭೂಮಂಡಲಕ್ಕೆಲ್ಲ ಹಬ್ಬಿತು.

ಬಿಡುಗಡೆಗಾಗಿ ಕೋಣೆ ತುಂಬ ಬಂಗಾರ ಸುರಿಸಿದ ಇಂಕಾ ದೊರೆ, ಮುತ್ತುರತ್ನ ಹೊತ್ತು ಮುಳುಗಿದ ಹಡಗುಗಳು, ಯುದ್ಧದ ಗದ್ದಲದಲ್ಲಿ ಕಳಚಿ ಪೆಟ್ಟಿಗೆಗೆ ತುಂಬಿದ ಮೇಲೆ ಮಾಯವಾದ ಅರಮನೆಯೊಂದರ ಅಂಬರ್ ಜಡಿದ ಗೋಡೆಹಲಗೆಗಳು, ರೈಲಿನಲ್ಲಿ ಹೋಗುತ್ತ ಕಾಣೆಯಾದ ರಷ್ಯಾದ ಚಕ್ರವರ್ತಿಯ ಚಿನ್ನ, ಎಲ್ಲವೂ ಅವನ ಪಡಸಾಲೆಯ ಹೊರಸಿನ ಮೇಲೆ ವಿಚಾರಣೆಗೆ ಬರುತ್ತವೆ. ಪ್ರತಿ ಕಥೆ ಮುಗಿದಾಗಲೂ ಮಾಮಾನ ಎರಡು ಪ್ರಶ್ನೆಗಳು ಇದ್ದದ್ದೇ. "ಕಡೀಗೆ ನೋಡಿದವರು ಯಾರು? ಅನುಮಾನ ಯಾರ ಮ್ಯಾಲೆ ಬಂತು?"

"ಯಾರ ಮ್ಯಾಲೆ ಬಂದ್ರೇನು ಮಾಮಾ, ಅವರೆಲ್ಲ ಸತ್ತು ಎಷ್ಟ ಕಾಲ ಆತು" ಎಂದಿದ್ದೆ ಒಮ್ಮೆ.

"ಮನುಷ್ಯಾ ಸತ್ತರ ಅನುಮಾನ ಸಾಯ್ತೈತೇನು?" ಎಂದು ಮೊಬೈಲನ್ನು ಅಡ್ಡ ಹಿಡಿದು ಇನ್ನೊಂದು ಕಥೆ ಹಚ್ಚಿದ.

ದೂರದ ದೇಶಗಳದು ಹಾಗಿರಲಿ. ಪಕ್ಕದ ಆನೆಗುಂದಿಯ ಮಾತು ಬಂದರೆ ಮಾಮಾ ಹೊರಸಿನ ಮೇಲೆ ನೆಟ್ಟಗೆ ಕೂಡುತ್ತಾನೆ. ವಿಜಯನಗರ ಸೋತಾಗ ಆನೆಗಳ ಮೇಲೆ ಹೇರಿಕೊಂಡು ಹೋದ ಸಂಪತ್ತು ಬಹಳ ದೂರ ಹೋಗಿಲ್ಲ ಎಂಬುದು ಅವನ ವಾದ. "ಆನಿ ಅಂದ್ರ ನೊಣ ಏನು, ಯಾರಿಗೂ ಕಾಣದಂಗ ಹಾರಿ ಹೋಗಾಕ? ಇಲ್ಲೇ ಎಲ್ಲೋ ಇಳಿಸ್ಯಾರ." ಹಾಗಾಗಿ ಈ ಸೀಮೆಯಲ್ಲಿ ಯಾರ ಹಿತ್ತಲಿನಲ್ಲಿ ಆನೆ ಕಟ್ಟುವಷ್ಟು ಜಾಗವಿದೆಯೋ ಅವರೆಲ್ಲ ಅವನ ಪಟ್ಟಿಯಲ್ಲಿದ್ದಾರೆ.

ನನ್ನ ಮದುವೆ ಗೊತ್ತಾದಾಗ, ಹುಡುಗನ ಮನೆ ನೋಡಲು ಹಿರಿಯರೆಲ್ಲ ಕಾರಟಗಿಗೆ ಹೋದರು. ಎಲ್ಲರೂ ಹುಡುಗನನ್ನು ನೋಡಿದರೆ ಮಾಮಾ ಹಿತ್ತಲಿಗೆ ಹೋಗಿ, ಕಲ್ಲಿಗೆ ಜಡಿದ ಕಬ್ಬಿಣದ ಬಳೆಯನ್ನು ನೋಡಿ ಬಂದ. ಅವಲಕ್ಕಿ ತಿನ್ನುತ್ತ ನನ್ನ ಭಾವಿ ಮಾವನವರನ್ನು ಮೆಲ್ಲಗೆ ಕೇಳಿದ.

"ಹಿತ್ತಲದಾಗ ಏನು ಕಟ್ಟತಿದ್ರಿ?"

"ಎಮ್ಮಿರಿ."

"ಎಮ್ಮಿಗೆ ಅಷ್ಟು ದಪ್ಪ ಬಳಿ ಯಾಕ್ರಿ?"

ಅವರು ಹೆಮ್ಮೆಯಿಂದ ನಕ್ಕು, "ನಮ್ಮ ಎಮ್ಮಿ ಹಂಗ ಇತ್ರಿ" ಎಂದರು. ಮಾಮಾ ನಗಲಿಲ್ಲ. ಮದುವೆಯಾಗಿ ಹದಿನೆಂಟು ವರ್ಷವಾದರೂ ಆ ಎಮ್ಮೆಯ ಎತ್ತರ ಎಷ್ಟಿತ್ತು ಎಂದು ನನ್ನನ್ನು ಆಗಾಗ ಕೇಳುತ್ತಾನೆ.

ಇನ್ನೊಮ್ಮೆ ಅಂಜನಾದ್ರಿಗೆಂದು ಅವನನ್ನು ಕರೆದುಕೊಂಡು ಹೋಗಿದ್ದೆ. ಹನುಮನಹಳ್ಳಿಯ ದಾರಿಯಲ್ಲಿ ಪರದೇಶದ ಹುಡುಗನೊಬ್ಬ ಬೆನ್ನಿಗೆ ದೊಡ್ಡ ಗಾದಿ ಕಟ್ಟಿಕೊಂಡು ಬಂಡೆಗಳ ಕಡೆಗೆ ನಡೆದಿದ್ದ. ಬಂಡೆ ಹತ್ತುವವರು ಬಿದ್ದರೆ ಪೆಟ್ಟಾಗಬಾರದೆಂದು ಕೆಳಗೆ ಹಾಸುವ ಗಾದಿಯದು. ಎಷ್ಟು ತಿಳಿಸಿ ಹೇಳಿದರೂ ಮಾಮಾ ನಂಬಲಿಲ್ಲ. "ಏಳು ಸಮುದ್ರ ದಾಟಿ ನಮ್ಮ ಗುಡ್ಡದ ಮ್ಯಾಲಿಂದ ಬೀಳಾಕ ಬರ್ತಾರೇನು? ಅವರ ದೇಶದಾಗ ಬೀಳಾಕ ಜಾಗ ಇಲ್ಲೇನು?" ಎಂದು ಹಿಂದೆಯೇ ಹೋದ. ಗಾದಿಯನ್ನು ಒತ್ತಿ ನೋಡಿದ, ಹೊಲಿಗೆ ನೋಡಿದ. ಆ ಹುಡುಗ ಪಾಪ, ಮುದುಕನಿಗೆ ದಣಿವಾಗಿದೆ ಎಂದುಕೊಂಡು ಬಂಡೆಯ ನೆರಳಿನಲ್ಲಿ ಗಾದಿ ಹಾಸಿಯೇ ಕೊಟ್ಟ. ಮಾಮಾ ತನಿಖೆಗೆಂದು ಅಡ್ಡಾದವನು ಒಂದು ತಾಸು ಗೊರಕೆ ಹೊಡೆದ. ಎದ್ದು ಹೇಳಿದ್ದು ಇಷ್ಟೇ: "ಬಂಗಾರ ಇಲ್ಲ. ಅರಳಿ ಮಾತ್ರ ಛಲೋ ತುಂಬ್ಯಾರ."

ಇನ್ನು ಮನೆಯ ಕೀಲಿಕೈಗಳ ಸಂಗತಿ. ತಿಜೋರಿಯದು, ಕೋಣೆಯದು, ಬಚ್ಚಲಿನದು, ಕಡೆಗೆ ಸಕ್ಕರೆ ಡಬ್ಬಿಯದೂ ಸೇರಿ ಹನ್ನೊಂದು ಕೀಲಿಕೈಗಳು ಅವನ ಉಡದಾರದಲ್ಲಿ ನೇತಾಡುತ್ತಿದ್ದವು. ಮಾಮಾ ಬರುವುದು ಓಣಿಯ ತುದಿಯಿಂದಲೇ ಕೇಳಿಸುತ್ತಿತ್ತು. ಬೀಗರು ಬಂದರೆ ಅತ್ತೆ ಒಲೆಯ ಮೇಲೆ ಚಹಾದ ನೀರಿಟ್ಟು, ಸಕ್ಕರೆಗಾಗಿ ಗಂಡನನ್ನು ಹುಡುಕಿಕೊಂಡು ಹೊರಡಬೇಕಿತ್ತು. ನಲವತ್ತೈದು ವರ್ಷ ಸಂಸಾರ ಮಾಡಿದ ಹೆಂಡತಿಯ ಮೇಲೂ ನಂಬಿಕೆಯಿಲ್ಲದ ಗಂಡಸು ಎಂದು ನಾವೆಲ್ಲ ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಅತ್ತೆ ಎದುರಿಗೇ ಅನ್ನುತ್ತಿದ್ದಳು: "ನಿಮ್ಮಪ್ಪ ನಿಮ್ಮವ್ವನ್ನ ನಂಬಲಿಲ್ಲ, ನೀವು ನನ್ನ ನಂಬಲಿಲ್ಲ. ವಂಶಕ್ಕ ತಕ್ಕಂಗ ಅದೀರಿ." ಆಗ ಮಾತ್ರ ಮಾಮಾ ಎದ್ದು ಹೊರಗೆ ಹೋಗುತ್ತಿದ್ದ.

ಅತ್ತೆಯ ಮಾತಿನ ಹಿಂದೆ ಒಂದು ಕಥೆಯಿದೆ. ನಮ್ಮ ಮನೆಯಲ್ಲೂ ಒಂದು ಸಂಪತ್ತು ಕಳೆದಿತ್ತು. ನಿಜಾಮನ ಕಾಲದ ರಜಾಕಾರರ ಗದ್ದಲದಲ್ಲಿ ಊರು ಬಿಟ್ಟು ಓಡುವ ಮೊದಲು, ಮಾಮಾನ ಅಜ್ಜಿ ಮನೆಯ ಒಡವೆಗಳನ್ನೆಲ್ಲ ಅವಸರದಲ್ಲಿ ಎಲ್ಲಿಯೋ ಬಚ್ಚಿಟ್ಟಳು. ದಾರಿಯಲ್ಲೇ ಜ್ವರ ಬಂದು, ಎಲ್ಲಿಟ್ಟೆ ಎಂದು ಹೇಳದೆ ಕಣ್ಣು ಮುಚ್ಚಿದಳು. ಬಚ್ಚಿಡುವ ಹೊತ್ತಿನಲ್ಲಿ ಮನೆಯಲ್ಲಿ ಅವಳ ಜೊತೆಗಿದ್ದವಳು ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದಿದ್ದ ಸೊಸೆ ಒಬ್ಬಳೇ. ಆ ಸೊಸೆಯೇ ಮಾಮಾನ ತಾಯಿ, ನನ್ನ ಅಜ್ಜಿ. "ನೀರು ತಾ ಅಂತ ಕಳಿಸಿದ್ಲು, ನಾ ನೋಡಿಲ್ಲ" ಎಂದು ಅವಳು ಹೇಳಿದಳು. ಯಾರೂ ನಂಬಲಿಲ್ಲ. ಒಡವೆ ತವರಿಗೆ ಹೋಗಿದೆ ಎಂದರು. ಮನೆಯ ಕೀಲಿಕೈ ಅವಳ ಗಂಡನ, ಅಂದರೆ ನನ್ನ ಅಜ್ಜನ, ಉಡದಾರ ಸೇರಿತು, ಅಜ್ಜಿ ಸಾಯುವವರೆಗೂ ಅವಳ ಕೈಗೆ ಬರಲಿಲ್ಲ. ಅಜ್ಜನ ತಂಗಿ ಆಗ ಹತ್ತು ವರ್ಷದವಳು. ಈಗ ಕುಷ್ಟಗಿಯಲ್ಲಿರುವ ಮುದುಕಿ. ಅವಳಂತೂ ಆ ಒಡವೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು, ಮನೆಯ ಪ್ರತಿ ಮದುವೆಯಲ್ಲೂ ಅಜ್ಜಿಗೆ ಕೇಳಿಸುವಂತೆ ಒಪ್ಪಿಸುತ್ತಿದ್ದಳು. ಅನುಮಾನ ಯಾರ ಮೇಲೆ ಬಂತು ಎಂಬ ಮಾಮಾನ ಎರಡನೆಯ ಪ್ರಶ್ನೆ ಎಲ್ಲಿಂದ ಬಂತೆಂದು ಈ ಕಥೆ ಕೇಳಿದ ಮೇಲೆ ನನಗೆ ಗೊತ್ತಾಯಿತು.

ಒಡವೆಗಾಗಿ ಆ ಮನೆಯಲ್ಲಿ ಅಗೆಯದ ಜಾಗವಿರಲಿಲ್ಲ. ಅಂಗಳದಲ್ಲಿ ಜೋಳ ತುಂಬಿಡುವ ಹಗೇವು ಇತ್ತಲ್ಲ, ನೆಲದೊಳಗಿನ ಆ ಕಣಜಕ್ಕೆ ಮೊದಲು ಅಜ್ಜ ಇಳಿದು ತಳ ಅಗೆದ, ಆಮೇಲೆ ಮಾಮಾ ಇಳಿದು ಮತ್ತೊಮ್ಮೆ ಅಗೆದ. ಜೋಳದ ಹಳೆಯ ಹೊಟ್ಟು ಬಿಟ್ಟರೆ ಏನೂ ಸಿಗಲಿಲ್ಲ.

ಹೋದ ಬೇಸಿಗೆಯಲ್ಲಿ ಮಾಮಾನ ಮೊಣಕಾಲು ಕೈಕೊಟ್ಟವು. ಪಡಸಾಲೆಗೆ ಹತ್ತಿರ ಹೊಸ ಬಚ್ಚಲು ಕಟ್ಟಿಸಲು ಹಗೇವು ಮುಚ್ಚಬೇಕಾಯಿತು. ಗೌಂಡಿ ಖಾಸೀಂಸಾಬ ಕೆಲಸಕ್ಕೆ ಬಂದ. ದಿನಾ ಸಂಜೆ ಅವನು ಹೊರಡುವಾಗ ಮಾಮಾ ಕುರ್ಚಿಯಲ್ಲಿ ಕೂತಲ್ಲಿಂದಲೇ, "ಕಿಸೆ ತೋರಸು" ಎನ್ನುತ್ತಿದ್ದ.

"ಸಾಹೇಬ್ರ, ನಾ ಗೌಂಡಿ ಅದೀನಿ, ಕಳ್ಳ ಅಲ್ಲ."

"ಅದಕ್ಕ ತೋರಸಂತೀನಿ. ನಾಳೆ ಯಾರರ ನಿನ್ನ ಕಳ್ಳ ಅಂದ್ರ, ದಿನಾ ನಾನ ನೋಡೀನಿ ಅಂತ ಹೇಳಾಕ ಬರಬೇಕಲ್ಲ."

ಇದೆಂಥ ತರ್ಕವೋ! ಖಾಸೀಂಸಾಬ ನಕ್ಕು ಕಿಸೆಯೊಳಗಿನ ಎಲೆ ಅಡಿಕೆ ತೋರಿಸಿ, ಅದರಲ್ಲೇ ಅರ್ಧ ಮಾಮಾನಿಗೂ ಕೊಟ್ಟು ಹೋಗುತ್ತಿದ್ದ.

ಹಗೇವಿಗೆ ಮಣ್ಣು ತುಂಬುವ ಮೊದಲು ಅದರ ಬಾಯಿಯ ಕಲ್ಲುಗಳನ್ನು ಕಿತ್ತು ಬುನಾದಿಗೆ ಬಳಸೋಣವೆಂದು ಖಾಸೀಂಸಾಬ ಹಾರೆ ಹಾಕಿದ. ಒಳಗೆ ಇಳಿಯುವವರು ಮೊದಲು ಕಾಲಿಡುವ ಕಲ್ಲೊಂದಿತ್ತು. ಅದು ಕಿತ್ತು ಬಂದಾಗ ಹಿಂದೆ ಪೊಳ್ಳು ಕಂಡಿತು. ಪೊಳ್ಳಿನಲ್ಲಿ ಅರಿವೆ ಬಿಗಿದ ಒಂದು ಹಿತ್ತಾಳೆ ಚರಿಗೆ ಇತ್ತು. ಹುಡುಕಲು ಇಳಿದವರೆಲ್ಲ ಆ ಕಲ್ಲಿನ ಮೇಲೆಯೇ ಕಾಲಿಟ್ಟು ಇಳಿದಿದ್ದರು.

"ಸಾಹೇಬ್ರ, ಬರ್ರಿ ಇಲ್ಲೆ. ನಾ ಮುಟ್ಟಂಗಿಲ್ಲ, ನೀವ ತಗೀರಿ" ಎಂದನಂತೆ ಖಾಸೀಂಸಾಬ.

ಮಾಮಾ ಒಳಗೆ ಬಗ್ಗಿ ನೋಡಿ, "ನೀನ ತಗಿ" ಎಂದನಂತೆ.

ಚರಿಗೆಯನ್ನು ಪಡಸಾಲೆಯಲ್ಲಿಟ್ಟರು. ಮಾಮಾ ಅರಿವೆ ಬಿಚ್ಚಲಿಲ್ಲ, ಯಾರಿಗೂ ಬಿಚ್ಚಗೊಡಲಿಲ್ಲ. ನನಗೆ ಫೋನು ಮಾಡಿ, "ಲಗೂನ ಬಾ. ದೊಡ್ಡ ಚೀಲ ತರಬ್ಯಾಡ" ಎಂದ. ಕುಷ್ಟಗಿಗೆ ಕಾರು ಕಳಿಸಿ ಮುದುಕಿಯನ್ನು ಕರೆಸಿದ. ನಾನು ಹೋಗಿ ನೋಡಿದರೆ ಮಾಮಾ ಮತ್ತು ಖಾಸೀಂಸಾಬ ಚರಿಗೆಯ ಆಚೆಗೊಬ್ಬರು ಈಚೆಗೊಬ್ಬರು ಕೂತಿದ್ದರು. ಒಂದೇ ಒಂದು ಒಡವೆ ಕಡಿಮೆಯಾದರೂ ಅವನ ತಾಯಿ ಕಳ್ಳಿಯಾಗಿಯೇ ಉಳಿಯುತ್ತಿದ್ದಳು.

ಬಿಳಿ ಧೋತರ ಹಾಸಿ ಸುರುವಿದರು. ನಾವು ಹುಟ್ಟಿದಾಗಿನಿಂದ ಕೇಳಿದ ಆ ಮಹಾ ಸಂಪತ್ತು ಎರಡು ಬೊಗಸೆಯಷ್ಟೂ ಇರಲಿಲ್ಲ.

"ಪಟ್ಟಿ ಹೇಳವ್ವಾ ಅತ್ತಿ" ಎಂದ ಮಾಮಾ ಕುಷ್ಟಗಿಯ ಮುದುಕಿಗೆ.

ಮುದುಕಿ ಒಂದೊಂದನ್ನೇ ಮುಟ್ಟಿ ಹೇಳತೊಡಗಿದಳು. "ಬೋರಮಾಳ. ಗೆಜ್ಜಿಟಿಕ್ಕಿ. ಪಾಟಲಿ ನಾಕು. ವಂಕಿ ಎರಡು. ಬುಗುಡಿ ಒಂದು ಜೋಡಿ." ಅವಳ ಬಾಯಿಯಲ್ಲಿ ಪಟ್ಟಿ ಮುಗಿಯಿತು, ಧೋತರದ ಮೇಲೂ ಮುಗಿಯಿತು. ಬುಗುಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಮಾಮಾನ ಕಡೆ ತಿರುಗಿದಳು.

"ಎಲ್ಲಾ ಅದಾವಪಾ. ನಿಮ್ಮವ್ವ, ನಮ್ಮ ವೈನಿ, ತಗೊಂಡಿರಲಿಲ್ಲ. ನಾನ ಆಕಿಗೆ ಕೆಟ್ಟ ಅಂದೆ."

ಮಾಮಾ ಗೋಡೆಯ ಮೇಲಿದ್ದ ತಾಯಿಯ ಫೋಟೋದ ಕಡೆ ತಿರುಗಿ, "ಕೇಳಿದೇನಬೇ" ಎಂದ. ನನಗೆ ಅಳು ತಡೆಯಲಾಗಲಿಲ್ಲ.

ಈಗ ಇವನು ಎದ್ದು ಎಲ್ಲವನ್ನೂ ತಿಜೋರಿಗೆ ಹಾಕಿ ಹನ್ನೆರಡನೆಯ ಕೀಲಿ ಜಡಿಯುತ್ತಾನೆ ಎಂದುಕೊಂಡೆ. ಅವನು ಉಡದಾರದಿಂದ ಗೊಂಚಲು ಬಿಚ್ಚಿ ಅತ್ತೆಯ ಮುಂದೆ ಹಿಡಿದ.

ಅತ್ತೆ ಕೈ ಚಾಚಲಿಲ್ಲ. "ಬಂಗಾರ ಸಿಕ್ತು ಅಂತ ನನ್ನ ಮ್ಯಾಲಿನ ಅನುಮಾನ ಹೋತೇನು?"

"ನಿನ್ನ ಮ್ಯಾಲೆ ಯಾವತ್ತಿತ್ತು?" ಎಂದ ಮಾಮಾ. "ಈ ಮನ್ಯಾಗ ಏನರ ಕಳದ್ರ, ಕೀಲಿಕೈ ಯಾರ ಕಡೆ ಇತ್ತು ಅಂತ ಮೊದಲ ಕೇಳ್ತಾರ. ನನ್ನ ಕಡೇನ ಇರಲಿ ಅಂದೆ. ನಮ್ಮವ್ವಗ ಬಂದ ಮಾತು ನಿನಗ ಬರಬಾರದಂತ."

ಅತ್ತೆ ಗೊಂಚಲು ತೆಗೆದುಕೊಂಡು ಅಡುಗೆಮನೆಗೆ ಹೋದಳು. ಎಲ್ಲರ ಬಾಯಿಗೂ ಸಕ್ಕರೆ ಹಾಕಬೇಕೆಂದು ಡಬ್ಬಿಯ ಮುಂದೆ ಕೂತು ಒಂದೊಂದೇ ಕೀಲಿಕೈ ಹಾಕಿ ನೋಡತೊಡಗಿದಳು. ಯಾವುದೆಂದು ಮಾಮಾನಿಗೆ ಗೊತ್ತಿತ್ತು. ಹೊರಸಿನ ಮೇಲೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದ ಅವನು, ಗೊಂಚಲು ಇನ್ನು ಅವಳದು, ಅವಳೇ ಹುಡುಕಿಕೊಳ್ಳಲಿ ಎಂಬಂತೆ, ಹೇಳಲಿಲ್ಲ.