ಒಂದು ಹನಿಯೂ ಬೀಳದ ಚಪ್ಪರ

ಕಡಾಯಿಗೆ ನಾಲ್ಕು ಹನಿ ಮಳೆ ಬಿದ್ದರೆ ಮನುಷ್ಯನ ಮಾನ ಹೋಗುತ್ತದೆಯೇ? ಲೆಸ್ಕೊವಾತ್ಸ್ ಊರಿನಲ್ಲಿ ಹೋಗುತ್ತದೆ. ಕಳೆದ ಸೆಪ್ಟೆಂಬರಿನಲ್ಲಿ ತಿಹೊಮಿರನ ಅಂಗಳದ ಒಲೆಯ ಮೇಲೆ ಚಳಿಗಾಲಕ್ಕೆ ಕೂಡಿಡುವ ಮೆಣಸಿನಕಾಯಿ ಗೊಜ್ಜು, ಆಯ್ವಾರ್, ಕುದಿಯುತ್ತಿದ್ದಾಗ ಹಾಳು ಮಳೆ ಸುರಿಯಿತು. ಸುಟ್ಟು, ಸುಲಿದು, ಅರೆದ ಅಷ್ಟೂ ಕೆಂಪು ದೊಣ್ಣೆಮೆಣಸಿನಕಾಯಿ ಚಳಿಗಾಲಕ್ಕೆ ಮೊದಲೇ ಬಾಟಲಿಯಲ್ಲಿ ಬೂಸ್ಟು ಹಿಡಿಯಿತು. ಆಮೇಲೆ ಆ ಮನೆಯವರು ಅಂಗಡಿಯ ಆಯ್ವಾರ್ ತಿಂದರು. ಆ ಊರಿನಲ್ಲಿ ಅದಕ್ಕಿಂತ ಉಪವಾಸ ಬೀಳುವುದು ಮರ್ಯಾದೆ.

"ಈ ಸಲ ಒಂದೇ ಒಂದು ಹನಿ ಬಿತ್ತೋ, ಮುಂದೆ ಈ ಮನೇಲಿ ನಾನು ಒಲೆ ಹಚ್ಚಲ್ಲ," ಎಂದಳು ಹೆಂಡತಿ ದೆಸಾಂಕಾ. "ಚಳಿಗಾಲ ಪೂರ್ತಿ ನೀನೇ ಹೋಗಿ ರಾದೊಯೆ ಮುಂದೆ ಕೈಯೊಡ್ಡಿ ಬಾಟ್ಲಿ ಇಸ್ಕೊಂಡು ಬಾ."

ರಾದೊಯೆ ತಿಹೊಮಿರನ ಷಡ್ಡಕ. ಅವನ ಅಂಗಳದಲ್ಲಿ ಪರ್ಗೋಲಾ ಎಂಬ ಅಲ್ಯೂಮಿನಿಯಂ ಚಪ್ಪರ ಇತ್ತು. ಗುಂಡಿ ಒತ್ತಿದರೆ ಮೇಲಿನ ಪಟ್ಟಿಗಳು ಬಿಸಿಲಿಗೆ ತೆರೆದುಕೊಳ್ಳುತ್ತಿದ್ದವು, ಮಳೆಗೆ ಮುಚ್ಚಿಕೊಳ್ಳುತ್ತಿದ್ದವು. ಅದನ್ನು ಹಾಕಿಸಿದಂದಿನಿಂದ ಆ ಮಹಾರಾಯ ಬೇರೆ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಅವನ ಮುಂದೆ ಕೈಯೊಡ್ಡುವುದೆಂದರೆ ತಿಹೊಮಿರನಿಗೆ ಸಾವು.

ಹಾಗಾಗಿ ಈ ವರ್ಷ ಒಂದು ಶನಿವಾರ ಬೆಳಿಗ್ಗೆ ದೆಸಾಂಕಾ ಮೆಣಸಿನಕಾಯಿ ಸುಡಲು ಕೂತಾಗ, ಇವನು ಚಪ್ಪರ ಹಾಕಲು ನಾಲ್ಕು ಮರದ ಕಂಬ ತಂದು ಒಲೆಯ ಪಕ್ಕ ಇಳಿಸಿದ. ಗೇಟು ಹಾಕುವುದನ್ನು ಮರೆತ. ಅಲ್ಲಿಗೆ ಕೆಟ್ಟಿತು.

ಮೊದಲು ಬಂದವನು ಎದುರುಮನೆಯ ವುಕಾಶಿನ್. "ದ್ರಾಕ್ಷಿ ಬಳ್ಳಿ ಹಬ್ಬಿಸು. ಬೇಸಿಗೇಲಿ ನೆರಳು, ಚಳೀಲಿ ಎಲೆ ಉದುರಿ ಬಿಸಿಲು."

"ಮಳೆಗೆ?"

"ಮಳೆ ಬಂದ್ರೆ ಮನೆಯೊಳಗೆ ಹೋಗಪ್ಪ. ಮನೆ ಯಾಕೆ ಕಟ್ಟಿದ್ದೀಯ?"

ಪಕ್ಕದ ಮನೆಯ ಬೊಗೊಸಾವ್ ತನ್ನ ಹಳೇ ಕೋಳಿಗೂಡಿನಿಂದ ಪ್ಲಾಸ್ಟಿಕ್ ಶೀಟುಗಳನ್ನು ಕಿತ್ತುಕೊಂಡೇ ಬಂದ. "ಒಂದು ಕೋಳಿ ನೆನೆದಿದ್ರೆ ಕೇಳು!"

ಮೂಲೆಮನೆಯ ಮಿಲುನ್ಕಾ ಅಜ್ಜಿ ಮಾತ್ರ ಗೇಟಿನೊಳಗೆ ಕಾಲಿಡಲೇ ಇಲ್ಲ. "ಮಗಾ, ನಾಲ್ಕು ಕಡೆನೂ ಬಯಲು! ಅಡ್ಡಗಾಳಿ ಕೊಂದುಬಿಡುತ್ತೆ ಕಣೋ. ನಮ್ಮ ಯಜಮಾನ್ರು ಅಡ್ಡಗಾಳಿಗೇ ಹೋಗಿದ್ದು."

"ಅಜ್ಜಿ, ಅವರಿಗೆ ಟ್ರ್ಯಾಕ್ಟರ್ ಹೊಡೀತಲ್ವಾ?"

"ಟ್ರ್ಯಾಕ್ಟರ್ ಆಮೇಲೆ ಬಂತು. ಗಾಳಿಗೆ ಕತ್ತು ಹಿಡ್ಕೊಂಡಿತ್ತು, ತಿರುಗಿ ನೋಡಕ್ಕಾಗ್ಲಿಲ್ಲ."

ಆ ಊರಿನಲ್ಲಿ ದೇವರನ್ನು ಬೈದರೂ ನಡೆದೀತು, ಅಡ್ಡಗಾಳಿಯನ್ನು ಹಗುರವಾಗಿ ಕಾಣುವಂತಿಲ್ಲ. ಅಜ್ಜಿಯ ಮನೆಯಿಂದ ಟಾರ್ಪಾಲು ಬಂತು, ವುಕಾಶಿನನ ಮನೆಯಿಂದ ದ್ರಾಕ್ಷಿ ಬಳ್ಳಿ. ತಿಹೊಮಿರ್ ಎಲ್ಲದಕ್ಕೂ "ಆಗ್ಲಿ, ಆಗ್ಲಿ" ಎಂದ. ಬೇಡ ಅನ್ನುವ ಮಾತು ಆ ಪುಣ್ಯಾತ್ಮನ ಬಾಯಲ್ಲಿ ಹುಟ್ಟಿದಂದಿನಿಂದ ಬಂದಿಲ್ಲ. ಎಲ್ಲರಿಗೂ ರಾಕಿಯಾ, ಅಂದರೆ ಹಣ್ಣಿನ ಸಾರಾಯಿ, ಬಗ್ಗಿಸಿದ. ಕುಡಿದವರು ಮುಯ್ಯಾಳುಗಳಾಗಿ ಸುತ್ತಿಗೆ ಹಿಡಿದರು.

ಮಧ್ಯಾಹ್ನಕ್ಕೆ ಚಪ್ಪರ ಎದ್ದಿತು. ಮೇಲೆ ಕೋಳಿವಾಸನೆಯ ಶೀಟು, ಅದರ ಮೇಲೆ ಕಟ್ಟಿದ ದ್ರಾಕ್ಷಿ ಬಳ್ಳಿ, ಎರಡು ಬದಿಗೆ ಟಾರ್ಪಾಲು. ನೋಡಲು ಮೂರು ಮನೆಯ ಹರಕು ಬಟ್ಟೆ ತೊಟ್ಟ ಬೆದರುಬೊಂಬೆ. ಆದರೆ ಆಶ್ಚರ್ಯ ನೋಡಿ, ಗಾಳಿ ಬೀಸಿತು, ಅಲುಗಲಿಲ್ಲ. ಜಡಿಮಳೆ ಬಂತು, ಒಂದು ಹನಿ ಸೋರಲಿಲ್ಲ. ದೆಸಾಂಕಾ ಕೈಚಾಚಿ ನೋಡಿ "ಪರವಾಗಿಲ್ಲ" ಎಂದಳು. ಮದುವೆಯಾದ ಮೇಲೆ ಅವನು ಕೇಳಿದ ಮೊದಲ ಹೊಗಳಿಕೆ ಅದು. ಬೀಗುತ್ತಾ ಕಡಾಯಿ ತರಲು ಒಳಗೆ ಹೋದ.

ಬಂದು ನೋಡಿದರೆ ಒಲೆಯ ಮೇಲೆ ವುಕಾಶಿನನ ಕಡಾಯಿ! ಪಕ್ಕದಲ್ಲಿ ಬೊಗೊಸಾವ್ ತನ್ನ ಒಲೆಯನ್ನೇ ತಂದಿಟ್ಟಿದ್ದ. ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಮುಯ್ಯಿಗೆ ಕೈ ಹಾಕಿದವನಿಗೆ ಸೂರಿನಡಿ ಜಾಗ. ಅಜ್ಜಂದಿರ ಕಾಲದ ರೂಢಿ ಅಲ್ವೇನಯ್ಯಾ?" ಎಂದ ವುಕಾಶಿನ್. "ನಿಂದು ನಾಳೆ ಮಾಡು. ಚಪ್ಪರ ಎಲ್ಲಿಗೆ ಓಡಿಹೋಗುತ್ತೆ?"

ಸುಲಿದ ಮೆಣಸಿನಕಾಯಿ ನಾಳೆಗೆ ಹುಳಿ ಬರುತ್ತದೆ. ಆದರೂ ತಿಹೊಮಿರ್ "ಆಗ್ಲಿ" ಎಂದ. ಅಷ್ಟರಲ್ಲಿ ಕಾರಿನಿಂದ ಇಳಿದವನು ಸಾಕ್ಷಾತ್ ಷಡ್ಡಕ, ಕೈಯಲ್ಲಿ ತನ್ನದೇ ಕಡಾಯಿ.

"ಭಲೇ ಷಡ್ಡಕ! ಎಂಥಾ ಚಪ್ಪರ ಕಣಯ್ಯಾ! ನಂದೇನು ಇದರ ಮುಂದೆ, ತಗಡು! ನನ್ನ ಆಯ್ವಾರೂ ಇಲ್ಲೇ ಆಗ್ಲಿ." ತಿಹೊಮಿರನ ಎದೆ ಉಬ್ಬಿತು, ಕಣ್ಣು ಒದ್ದೆಯಾಯಿತು. ನೆಂಟನಿಗೆ ಇಲ್ಲ ಅನ್ನುವುದುಂಟೇ? "ನಿನಗೆ ಜಾಗ ಇಲ್ವಾ? ಅಯ್ಯೋ, ನಮ್ಮನೆ ಪರ್ಗೋಲಾ ಖಾಲಿ ಬಿದ್ದಿದೆ, ತಗೋ ಗೇಟಿನ ಬೀಗದಕೈ," ಎಂದ ರಾದೊಯೆ.

"ಹೋಗು ಮಾರಾಯ, ಬೇಗ ಕುದಿಸ್ಕೊಂಡು ಬಾ," ಎಂದಳು ದೆಸಾಂಕಾ. "ನಾನು ಈ ಮುಯ್ಯಾಳುಗಳ ಹೊಟ್ಟೆ ತುಂಬಿಸ್ಬೇಕು."

ರಾದೊಯೆಯ ಅಂಗಳ ಮುಟ್ಟುವಾಗ ಮಳೆ ನಿಂತು ಹೂಬಿಸಿಲು ಬಂದಿತ್ತು. ತೆರೆದ ಪಟ್ಟಿಗಳ ಕೆಳಗೆ ತಿಹೊಮಿರ್ ಒಲೆ ಹಚ್ಚಿ, ಗೆದ್ದ ಖುಷಿಯಲ್ಲಿ ಹಾಡು ಗುನುಗುತ್ತಾ ಆಯ್ವಾರ್ ಕೈಯಾಡಿಸಿದ. ಅದು ಗಟ್ಟಿಯಾಗುವ ಹೊತ್ತಿಗೆ ಮತ್ತೆ ಮೋಡ ಕವಿಯಿತು. ಗುಂಡಿ ಒತ್ತಿದ. ಪಟ್ಟಿಗಳು ಗುರ್ ಎಂದವು, ಕದಲಲಿಲ್ಲ. ಮತ್ತೆ ಒತ್ತಿದ. ಗುದ್ದಿದ. ಗಾಬರಿಯಿಂದ ಫೋನ್ ಮಾಡಿದ.

"ಓ, ಅದಾ? ಕೆಟ್ಟು ವಾರ ಆಯ್ತಲ್ಲ," ಎಂದ ರಾದೊಯೆ. "ಇಲ್ದಿದ್ರೆ ನಾನ್ಯಾಕಯ್ಯಾ ನಿನ್ನ ಕೋಳಿಗೂಡಿನ ಕೆಳಗೆ ಬಂದು ಕೂರ್ತಿದ್ದೆ?"

ಮಳೆ ಧೋ ಎಂದಿತು. ತಿಹೊಮಿರ್ ಕಡಾಯಿಯ ಮೇಲೆ ಬಗ್ಗಿ ತನ್ನ ಬೆನ್ನನ್ನೇ ಚಪ್ಪರ ಮಾಡಿದ. ನೀರು ಬೆನ್ನಿನಿಂದ ಕತ್ತಿಗೆ, ಕತ್ತಿನಿಂದ ಮೂಗಿಗೆ, ಮೂಗಿನಿಂದ ನೇರ ಕಡಾಯಿಗೆ ಇಳಿಯಿತು.

ಡಿಸೆಂಬರಿನಲ್ಲಿ ಅವನು ಕತ್ತು ಹಿಡಿದುಕೊಂಡೇ ಷಡ್ಡಕನ ಬಾಗಿಲಲ್ಲಿ ನಿಂತ, ಕೈಯೊಡ್ಡಿದ. ರಾದೊಯೆ ದೊಡ್ಡ ಮನಸ್ಸು ಮಾಡಿ ಒಂದು ಬಾಟಲಿ ಕೊಟ್ಟ.

"ತಿಂದು ನೋಡು ಷಡ್ಡಕ. ಒಂದು ಹನಿ ನೀರು ಬಿದ್ದಿಲ್ಲ. ನಿನ್ನ ಚಪ್ಪರದ ಕೆಳಗೇ ಮಾಡಿದ್ದು."